ಲಿವಿ ತನ್ನ ಪುರಾಣಕಥೆಗಳನ್ನು ನಂಬಿದ್ದನೇ? ರೋಮನ್ ಚರಿತ್ರಕಾರರಲ್ಲಿ ಐತಿಹ್ಯ ಮತ್ತು ಇತಿಹಾಸ

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಆಗಸ್ಟಸ್ ಚಕ್ರವರ್ತಿಯ ಕಾಲದ ರೋಮನ್ ಚರಿತ್ರಕಾರ ಲಿವಿಯ ರೋಮ್ ಚರಿತ್ರೆಯ ಮೊದಲ ಐದು ಪುಸ್ತಕಗಳನ್ನು ಈಚೆಗೆ ಅನುವಾದದಲ್ಲಿ ಓದಿ ಮುಗಿಸಿದೆ. ಟ್ರಾಯ್ ನಗರದಿಂದ ಈನಿಯಸ್ ಓಡಿಬಂದ ಕಥೆಯಿಂದ ಹಿಡಿದು, ಕ್ರಿ.ಪೂ. 390ರಲ್ಲಿ ಗಾಲ್ ಜನರು ರೋಮ್ ನಗರವನ್ನು ಸುಟ್ಟರು ಎನ್ನುವವರೆಗಿನ ವೃತ್ತಾಂತ ಅದರಲ್ಲಿದೆ. ಯುದ್ಧದೇವತೆ ಮಾರ್ಸ್‌ನ ಅವಳಿ ಮಕ್ಕಳು, ಅವರಿಗೆ ಹಾಲೂಡಿದ ತೋಳ, ಮೋಡದೊಳಗೆ ಮರೆಯಾದ ಮೊದಲ ರಾಜ ರೊಮುಲಸ್, ರಾತ್ರಿಯ ಹೊತ್ತು ದೇವತೆಯೊಡನೆ ಸಮಾಲೋಚಿಸುತ್ತಿದ್ದ ಎರಡನೆಯ ರಾಜ ನೂಮಾ, ಇವೆಲ್ಲ ಬರುವ ಗ್ರಂಥದಲ್ಲಿಯೇ ಕಾನ್ಸಲ್‌ಗಳ (ಪ್ರತಿವರ್ಷ ಆಯ್ಕೆಯಾಗುತ್ತಿದ್ದ ಮುಖ್ಯಾಧಿಕಾರಿಗಳ) ಹೆಸರು, ಸಾಲದ ತಗಾದೆ, ಧಾನ್ಯದ ಅಭಾವ, ಗಡಿಯ ಯುದ್ಧಗಳು ಕೂಡ ಅದೇ ಗಂಭೀರ ಧಾಟಿಯಲ್ಲಿ ಬರುತ್ತವೆ.

ನನ್ನ ಪ್ರಶ್ನೆ ಎರಡು. ಬರೆದವನು ಇದನ್ನೆಲ್ಲ ನಂಬಿದ್ದನೇ, ನಂಬಿರದಿದ್ದರೆ ಏಕೆ ಬರೆದ? ಎರಡನೆಯದಾಗಿ, ಪವಾಡಗಳನ್ನು ಮಾತ್ರ ಬದಿಗಿಟ್ಟರೆ ಉಳಿದದ್ದನ್ನು ಇತಿಹಾಸವೆಂದು ಸ್ವೀಕರಿಸಬಹುದು ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಆ ಕ್ರಮ ಸರಿಯೇ? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ಪುಟಗಳು:

ಮೊದಲ ಪ್ರಶ್ನೆಗೆ ಲಿವಿಯೇ ತನ್ನ ಮುನ್ನುಡಿಯಲ್ಲಿ ಉತ್ತರ ಕೊಟ್ಟಿದ್ದಾನೆ. ನಗರ ಸ್ಥಾಪನೆಗೆ ಮೊದಲಿನ ಸಂಗತಿಗಳು ಕಲಬೆರಕೆಯಿಲ್ಲದ ದಾಖಲೆಗಳಿಗಿಂತ ಕವಿಗಳ ಕಟ್ಟುಕಥೆಗಳಿಗೆ ಹೆಚ್ಚು ಒಪ್ಪುವಂಥವು, ಅವುಗಳನ್ನು ತಾನು ಸಮರ್ಥಿಸುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದ್ದಾನೆ. ಮಾನುಷವಾದುದರೊಡನೆ ದೈವಿಕವಾದುದನ್ನು ಬೆರೆಸಿ ನಗರಗಳ ಮೂಲಕ್ಕೆ ಘನತೆ ತರುವ ರಿಯಾಯಿತಿಯನ್ನು ಪ್ರಾಚೀನತೆಗೆ ಕೊಡಲಾಗಿದೆ ಎನ್ನುತ್ತಾನೆ. ಅದರ ಹಿಂದೆಯೇ ಬರುವ ಮಾತು ಇನ್ನೂ ಮುಖ್ಯವಾದದ್ದು: ತನ್ನ ಮೂಲವನ್ನು ದೇವರಿಗೆ ಜೋಡಿಸಿಕೊಳ್ಳುವ ಹಕ್ಕು ಯಾವುದಾದರೂ ಜನಕ್ಕೆ ಇರುವುದಾದರೆ ಅದು ರೋಮನ್ನರಿಗೆ ಇದೆ, ಅವರು ಮಾರ್ಸ್‌ನನ್ನು ತಂದೆಯೆಂದು ಕರೆದುಕೊಂಡಾಗ ಇತರ ಜನಾಂಗಗಳು ರೋಮನ್ ಆಳ್ವಿಕೆಯನ್ನು ಸಹಿಸಿಕೊಂಡಿರುವಂತೆಯೇ ಅದನ್ನೂ ಸಹಿಸಿಕೊಳ್ಳಲಿ ಎಂದು ಬರೆಯುತ್ತಾನೆ. ಈ ಮಾತಿನಲ್ಲಿ ಭಕ್ತಿಯ ಸೋಂಕಿಲ್ಲ. ಪುರಾಣವು ಗೆದ್ದವರ ಸ್ವತ್ತು ಎಂಬುದನ್ನು ಆತ ಮರೆಮಾಚದೆ ಹೇಳಿದ್ದಾನೆ.

ಪಠ್ಯದ ಒಳಗೂ ಇದೇ ಎಚ್ಚರ ಕೆಲಸ ಮಾಡುತ್ತದೆ. ರಿಯಾ ಸಿಲ್ವಿಯಾ ಅವಳಿಗಳನ್ನು ಹೆತ್ತಾಗ ಮಾರ್ಸ್‌ನೇ ತಂದೆಯೆಂದು ಹೇಳಿದಳು, ಅದನ್ನು ಆಕೆ ನಿಜವಾಗಿ ನಂಬಿದ್ದಿರಬಹುದು ಅಥವಾ ತಪ್ಪಿಗೆ ದೇವರು ಕಾರಣನೆಂದರೆ ಮಾನ ಉಳಿಯುತ್ತದೆ ಎಂದುಕೊಂಡಿರಬಹುದು ಎಂದು ಲಿವಿ ಬರೆಯುತ್ತಾನೆ. ಈನಿಯಸ್‌ನ ಮಗ ಅಸ್ಕೇನಿಯಸ್ ಯಾರ ಹೊಟ್ಟೆಯಲ್ಲಿ ಹುಟ್ಟಿದವನು, ಜೂಲಿಯಸ್ ವಂಶ ತನ್ನ ಮೂಲಪುರುಷನೆಂದು ಹೇಳಿಕೊಳ್ಳುವ ಯೂಲಸ್ ಇವನೇ ಹೌದೇ ಎಂಬ ವಿಷಯ ಬಂದಾಗ, ಇಷ್ಟು ಹಳೆಯದನ್ನು ಖಚಿತವೆಂದು ಯಾರು ತಾನೇ ಹೇಳಿಯಾರು ಎಂದು ಕೇಳಿ ಮುಂದೆ ಹೋಗುತ್ತಾನೆ. ಇದನ್ನು ಬರೆಯುವಾಗ ಅಧಿಕಾರದಲ್ಲಿದ್ದವನು ಅದೇ ಜೂಲಿಯಸ್ ವಂಶಕ್ಕೆ ದತ್ತುಹೋದ ಆಗಸ್ಟಸ್ ಎಂಬುದನ್ನು ನೆನೆದರೆ, ಈ ಒಂದು ಸಾಲಿನ ತೂಕ ತಿಳಿಯುತ್ತದೆ.

ಇನ್ನು ಎರಡನೆಯ ಪ್ರಶ್ನೆ. ಪವಾಡವನ್ನು ತೆಗೆದುಹಾಕಿದರೆ ಇತಿಹಾಸ ಉಳಿಯುತ್ತದೆ ಎಂಬ ಕ್ರಮವನ್ನು ನಾನು ಖಂಡಿತವಾಗಿ ಒಪ್ಪುವುದಿಲ್ಲ. ರೊಮುಲಸ್‌ನ ಅಂತ್ಯವನ್ನೇ ನೋಡಿ. ಆಡಿನ ಕೊಳವೆಂಬ ಜಾಗದ ಬಳಿ ಅವನು ಸೇನೆಯ ತಪಾಸಣೆ ನಡೆಸುತ್ತಿದ್ದಾಗ ಗುಡುಗು ಮಿಂಚಿನ ಬಿರುಗಾಳಿ ಎದ್ದು, ದಟ್ಟ ಮೋಡ ಅವನನ್ನು ಕವಿದು, ಮೋಡ ಚದುರಿದಾಗ ರಾಜಾಸನ ಬರಿದಾಗಿತ್ತು ಎಂಬುದು ಒಂದು ಕಥೆ. ಸುತ್ತ ನಿಂತಿದ್ದ ಸೆನೆಟರುಗಳೇ ಅವನನ್ನು ತುಂಡುತುಂಡಾಗಿ ಸೀಳಿದರು ಎಂದು ಕೆಲವರು ಗುಟ್ಟಾಗಿ ಆಡಿಕೊಳ್ಳುತ್ತಿದ್ದರು ಎಂಬುದು ಇನ್ನೊಂದು. ಎರಡನೆಯದರಲ್ಲಿ ದೇವರಿಲ್ಲ, ರಾಜಕೀಯ ಕೊಲೆಯಿದೆ, ಆದ್ದರಿಂದ ಇದೇ ನಿಜವಿರಬೇಕು ಎಂದು ಆಧುನಿಕ ಓದುಗರ ಮನಸ್ಸು ಒಡನೆಯೇ ವಾಲುತ್ತದೆ. ಆದರೆ ಸೆನೆಟ್ ಸಭೆಯಲ್ಲಿಯೇ ಸೀಸರ್ ಕೊಲೆಯಾದ ಕ್ರಿ.ಪೂ. 44ರ ನಂತರದ ಓದುಗರಿಗೆ ಈ ಎರಡನೆಯ ಕಥೆ ಎಷ್ಟು ಸಹಜವಾಗಿ ಕೇಳಿಸಿರಬೇಕು ಎಂಬುದನ್ನೂ ಯೋಚಿಸಬೇಕು. ರೊಮುಲಸ್ ಎಂಬ ವ್ಯಕ್ತಿ ಇದ್ದನೆಂಬುದಕ್ಕೇ ಸಮಕಾಲೀನ ಸಾಕ್ಷ್ಯವಿಲ್ಲದಿರುವಾಗ, ಅವನ ಸಾವಿಗೆ ವಿವೇಕಯುತ ಕಾರಣವನ್ನು ಹುಡುಕುವುದು ಕಥೆಗೆ ಇನ್ನೊಂದು ಕಥೆಯನ್ನು ಸೇರಿಸಿದಂತೆ. ದೈವಾಂಶವಿರುವ ಕಥೆ ತಾನು ಐತಿಹ್ಯವೆಂದು ತಾನೇ ಹೇಳಿಕೊಂಡು ನಮ್ಮನ್ನು ಎಚ್ಚರಿಸುತ್ತದೆ. ನಂಬುವಂತೆ ಕಾಣುವ ಕಲ್ಪನೆಗೆ ಆ ಗುರುತಿಲ್ಲ, ಆದ್ದರಿಂದ ಅದೇ ಹೆಚ್ಚು ದಾರಿ ತಪ್ಪಿಸುತ್ತದೆ.

ಶಾಸನಾಸಕ್ತೆ:

ಹಿಂದಿನ ಉತ್ತರಕ್ಕೆ ಪೂರಕವಾಗಿ, ಲಿವಿಯ ಕೈಗೆ ಬಂದ ಸಾಮಗ್ರಿ ಎಂಥದು ಎಂಬುದನ್ನು ಹೇಳಬೇಕು. ಆರನೆಯ ಪುಸ್ತಕದ ಆರಂಭದಲ್ಲಿ ಆತ ಒಂದು ಹೊಸ ಮುನ್ನುಡಿಯನ್ನೇ ಬರೆದಿದ್ದಾನೆ. ಇಲ್ಲಿಯವರೆಗೆ ಹೇಳಿದ್ದು ಬಹಳ ದೂರದಿಂದ ಕಾಣುವ ವಸ್ತುಗಳಂತೆ ಮಸುಕಾಗಿತ್ತು, ಆ ಕಾಲದಲ್ಲಿ ಬರವಣಿಗೆ ವಿರಳವಾಗಿತ್ತು, ಪುರೋಹಿತರ ಟಿಪ್ಪಣಿಗಳಲ್ಲಿ ಮತ್ತು ಸಾರ್ವಜನಿಕ, ಖಾಸಗಿ ದಾಖಲೆಗಳಲ್ಲಿ ಇದ್ದುದರ ಬಹುಭಾಗ ನಗರದ ಬೆಂಕಿಯಲ್ಲಿ ನಾಶವಾಯಿತು, ಇನ್ನು ಮುಂದಿನದು ಹೆಚ್ಚು ಖಚಿತ ಎಂದು ಅಲ್ಲಿ ತಿಳಿಸುತ್ತಾನೆ. ಬೆಂಕಿ ಆತ ಹೇಳುವಷ್ಟು ವ್ಯಾಪಕವಾಗಿತ್ತೇ ಎಂಬುದನ್ನು ಪುರಾತತ್ತ್ವಜ್ಞರು ಈಗ ಅನುಮಾನಿಸುತ್ತಾರೆ, ಏಕೆಂದರೆ ಆ ಕಾಲದ ಪದರದಲ್ಲಿ ನಗರವಿಡೀ ಸುಟ್ಟ ಕುರುಹು ಸಿಕ್ಕಿಲ್ಲ. ಹಾಗಿದ್ದರೂ, ತಾನು ಬರೆದ ಐದು ಪುಸ್ತಕಗಳ ಆಧಾರ ದುರ್ಬಲವೆಂದು ಗ್ರಂಥಕರ್ತನೇ ಒಪ್ಪಿಕೊಂಡಿರುವುದು ಗಮನಾರ್ಹ.

ರೋಮ್‌ನಲ್ಲಿ ಪ್ರಧಾನ ಪುರೋಹಿತನು ಪ್ರತಿವರ್ಷ ಸುಣ್ಣ ಬಳಿದ ಒಂದು ಬಿಳಿ ಹಲಗೆಯ ಮೇಲೆ ಆ ವರ್ಷದ ಮುಖ್ಯ ಸಂಗತಿಗಳನ್ನು ಬರೆದು ಜನರಿಗೆ ಕಾಣುವಂತೆ ಇಡುತ್ತಿದ್ದ. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಪುಬ್ಲಿಯಸ್ ಮ್ಯೂಸಿಯಸ್ ಸ್ಕೀವೊಲಾ ಪ್ರಧಾನ ಪುರೋಹಿತನಾಗಿದ್ದವರೆಗೆ ಈ ಪದ್ಧತಿ ನಡೆಯಿತೆಂದು ರೋಮನ್ ವಾಗ್ಮಿ ಸಿಸೆರೊ ಹೇಳುತ್ತಾನೆ. ಧಾನ್ಯದ ಬೆಲೆ ಎಷ್ಟು ಸಲ ಏರಿತು, ಸೂರ್ಯನಿಗೋ ಚಂದ್ರನಿಗೋ ಎಷ್ಟು ಸಲ ಗ್ರಹಣ ಹಿಡಿಯಿತು ಎಂದು ಪುರೋಹಿತನ ಹಲಗೆಯಲ್ಲಿರುವುದನ್ನು ಬರೆಯಲು ತನಗೆ ಮನಸ್ಸಿಲ್ಲ ಎಂದು ರೋಮನ್ ಚರಿತ್ರಕಾರ ಕೇಟೊ ಹೇಳಿದ್ದ. ಇಂದು ನಮಗೆ ಬೇಕಾಗಿರುವುದು ಆತ ಬೇಡವೆಂದ ಆ ಹಲಗೆಯ ಮಾಹಿತಿಯೇ ಎಂಬುದು ಖೇದದ ಸಂಗತಿ.

ಆ ಗ್ರಹಣಗಳ ದಾಖಲೆಯಿಂದ ಏನಾಯಿತು ಎಂಬುದು ಇನ್ನೂ ಕುತೂಹಲಕರವಾಗಿದೆ. ನಗರ ಸ್ಥಾಪನೆಯಾಗಿ ಸುಮಾರು 350ನೆಯ ವರ್ಷದ ಜೂನ್ ತಿಂಗಳಲ್ಲಿ ಸೂರ್ಯಗ್ರಹಣವಾಯಿತೆಂಬುದು ಪುರೋಹಿತರ ವಾರ್ಷಿಕ ದಾಖಲೆಯಲ್ಲಿಯೂ ಕವಿ ಎನ್ನಿಯಸ್‌ನಲ್ಲಿಯೂ ಇತ್ತೆಂದು ಸಿಸೆರೊ ತಿಳಿಸುತ್ತಾನೆ. ಇದನ್ನು ಕ್ರಿ.ಪೂ. 400ರ ಜೂನ್ 21ರ ಗ್ರಹಣವೆಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ಈ ದಿನದಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಹೋಗಿ, ರೊಮುಲಸ್ ಕಣ್ಮರೆಯಾದ ದಿನದ ಕತ್ತಲೆಯೂ ಗ್ರಹಣವೇ ಎಂದು ರೋಮನ್ನರು ತೀರ್ಮಾನಿಸಿದ್ದರು. ನಿಜವಾಗಿ ದಾಖಲಾದ ಒಂದು ಖಗೋಳ ಘಟನೆಯನ್ನು ಆಧಾರವಾಗಿಟ್ಟುಕೊಂಡು, ಶುದ್ಧ ಗಣಿತದ ಮೂಲಕ, ದಾಖಲೆಯೇ ಇಲ್ಲದ ಐತಿಹ್ಯವೊಂದಕ್ಕೆ ದಿನಾಂಕ ಒದಗಿಸಿದರು. ‘ಹಳೆಯ ಪುಟಗಳು’ ಅವರು ಹೇಳಿದ ಅಪಾಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಇದರ ಜೊತೆಗೆ ಮನೆತನಗಳ ಹೆಮ್ಮೆಯೂ ಇತ್ತು. ಗಣ್ಯನೊಬ್ಬ ಸತ್ತಾಗ ಅವನ ಪೂರ್ವಜರ ಮುಖವಾಡಗಳನ್ನು ಧರಿಸಿದವರು, ಆಯಾ ಪೂರ್ವಜರ ಪದವಿಗೆ ತಕ್ಕ ಉಡುಪಿನಲ್ಲಿ ಶವಯಾತ್ರೆಯಲ್ಲಿ ಸಾಗುತ್ತಿದ್ದರೆಂದೂ, ಮಗ ವೇದಿಕೆಯೇರಿ ಸತ್ತವನ ಮತ್ತು ಅವರೆಲ್ಲರ ಸಾಧನೆಗಳನ್ನು ಹೇಳುತ್ತಿದ್ದನೆಂದೂ ಗ್ರೀಕ್ ಚರಿತ್ರಕಾರ ಪಾಲಿಬಿಯಸ್ ವರ್ಣಿಸುತ್ತಾನೆ. ಇಂಥ ಭಾಷಣಗಳಿಂದ ರೋಮ್‌ನ ಚರಿತ್ರೆ ಕೆಟ್ಟುಹೋಯಿತು, ನಡೆಯದ ವಿಜಯೋತ್ಸವಗಳು, ಇಲ್ಲದ ಕಾನ್ಸಲ್ ಪದವಿಗಳು, ಸುಳ್ಳು ವಂಶಾವಳಿಗಳು ಅದರೊಳಗೆ ಸೇರಿಕೊಂಡವು ಎಂದು ಸಿಸೆರೊ ನೇರವಾಗಿ ಆಪಾದಿಸುತ್ತಾನೆ. ರಾಜರು ಹೋದ ಹತ್ತನೆಯ ವರ್ಷದಲ್ಲಿ ಕಾನ್ಸಲ್ ಆಗಿದ್ದ ಮೇನಿಯಸ್ ಟುಲಿಯಸ್ ನನ್ನ ಪೂರ್ವಜನೆಂದು ನಾನು ಹೇಳಿಕೊಂಡರೆ ಹೇಗಿರುತ್ತದೋ ಹಾಗೆ ಎಂದು ತನ್ನ ಹೆಸರನ್ನೇ ಉದಾಹರಣೆಗೆ ಕೊಡುತ್ತಾನೆ. ಎಂಟನೆಯ ಪುಸ್ತಕದ ಕೊನೆಯಲ್ಲಿ ಲಿವಿಯೂ ಇದೇ ದೂರನ್ನು ದಾಖಲಿಸಿದ್ದಾನೆ.

ಸಮುದ್ರದಾಚೆ:

ಇಬ್ಬರ ವಿವರಣೆಯೂ ಸೊಗಸಾಗಿದೆ. ಆದರೆ ಇದರ ತಾರ್ಕಿಕ ಫಲವನ್ನು ಹೇಳಲು ಇಬ್ಬರೂ ಹಿಂಜರಿಯುತ್ತಿದ್ದೀರಿ ಎಂದು ನನಗೆ ಅನ್ನಿಸುತ್ತದೆ. ಮೊದಲ ರೋಮನ್ ಚರಿತ್ರಕಾರನಾದ ಫೇಬಿಯಸ್ ಪಿಕ್ಟರ್ ಬರೆದದ್ದು ಕ್ರಿ.ಪೂ. 200ರ ಆಸುಪಾಸಿನಲ್ಲಿ, ಅದೂ ಗ್ರೀಕ್ ಭಾಷೆಯಲ್ಲಿ. ಸಾಂಪ್ರದಾಯಿಕ ಸ್ಥಾಪನಾ ವರ್ಷಕ್ಕೂ ಅವನಿಗೂ ನಡುವೆ ಐದು ಶತಮಾನಗಳಿಗೂ ಹೆಚ್ಚಿನ ಅಂತರವಿದೆ. ಆ ಖಾಲಿ ಜಾಗವನ್ನು ತುಂಬಲು ಗ್ರೀಕ್ ಸಾಹಿತ್ಯ ಕೈಯಳತೆಯಲ್ಲಿಯೇ ಇತ್ತು.

ಗಾಬಿಯೈ ನಗರವನ್ನು ರೋಮ್‌ನ ಕೊನೆಯ ರಾಜ ಟಾರ್ಕ್ವಿನ್ ವಶಪಡಿಸಿಕೊಂಡ ಪ್ರಸಂಗವನ್ನು ಓದಿ. ತಂದೆಯಿಂದ ಹಿಂಸೆಗೊಳಗಾದವನಂತೆ ನಟಿಸಿ ಮಗ ಸೆಕ್ಸ್ಟಸ್ ಶತ್ರುಗಳ ಪಾಳಯ ಸೇರುತ್ತಾನೆ. ಮುಂದೇನು ಮಾಡಲಿ ಎಂದು ಅವನು ಕಳುಹಿಸಿದ ದೂತನಿಗೆ ತಂದೆ ಮಾತಿನಲ್ಲಿ ಉತ್ತರ ಕೊಡದೆ, ತೋಟದಲ್ಲಿ ಅಡ್ಡಾಡುತ್ತ ಎತ್ತರವಾಗಿ ಬೆಳೆದ ಗಸಗಸೆ ಗಿಡಗಳ ತಲೆಗಳನ್ನು ಕೋಲಿನಿಂದ ಹೊಡೆದು ಉರುಳಿಸುತ್ತಾನೆ. ಊರಿನ ಪ್ರಮುಖರನ್ನು ಮುಗಿಸಬೇಕೆಂಬ ಸೂಚನೆ ಮಗನಿಗೆ ಅರ್ಥವಾಗುತ್ತದೆ. ಮೊದಲ ಭಾಗ ಗ್ರೀಕ್ ಚರಿತ್ರಕಾರ ಹೆರೊಡೊಟಸ್‌ನಲ್ಲಿ ಬರುವ, ಬ್ಯಾಬಿಲೋನ್ ಗೆಲ್ಲಲು ತನ್ನ ಮೂಗು ಕಿವಿಗಳನ್ನು ಕೊಯ್ದುಕೊಂಡ ಜೊಪೈರಸ್‌ನ ಕಥೆ. ಎರಡನೆಯ ಭಾಗ ಅದೇ ಹೆರೊಡೊಟಸ್‌ನಲ್ಲಿ ಗ್ರೀಕ್ ನಿರಂಕುಶ ಪ್ರಭು ಥ್ರೇಸಿಬ್ಯುಲಸ್ ಹೊಲದ ಎತ್ತರದ ತೆನೆಗಳನ್ನು ಮುರಿದೆಸೆದ ಕಥೆ. ಕ್ರೆಮೆರಾ ನದಿಯ ಬಳಿ ಕ್ರಿ.ಪೂ. 477ರಲ್ಲಿ ಫೇಬಿಯಸ್ ಮನೆತನದ 306 ಮಂದಿ ಒಬ್ಬನನ್ನುಳಿದು ಹತರಾದರು ಎಂಬ ಕಥೆಯ ಹಿಂದೆ, ಕ್ರಿ.ಪೂ. 480ರಲ್ಲಿ ಥರ್ಮಾಪಿಲಿ ಕಣಿವೆಯಲ್ಲಿ ಬಿದ್ದ 300 ಸ್ಪಾರ್ಟನ್ನರ ನೆರಳಿದೆ. ಟಾರ್ಕ್ವಿನ್ ರೋಮ್‌ನಿಂದ ಉಚ್ಚಾಟಿತನಾದದ್ದೂ, ನಿರಂಕುಶ ಪ್ರಭು ಹಿಪ್ಪಿಯಸ್ ಅಥೆನ್ಸ್‌ನಿಂದ ಓಡಿಹೋದದ್ದೂ ಹೆಚ್ಚುಕಡಿಮೆ ಒಂದೇ ವರ್ಷದಲ್ಲಿ.

ಗಾಬಿಯೈ ಮತ್ತು ಕ್ರೆಮೆರಾ ಪ್ರಸಂಗಗಳೆರಡರಲ್ಲಿಯೂ ಪವಾಡವಿಲ್ಲ, ಆದರೂ ಇವು ಎರವಲು. ಹಾಗಿರುವಾಗ ರೋಮ್‌ನ ಇತಿಹಾಸವನ್ನು ಕಾರ್ಥೇಜ್ ವಿರುದ್ಧದ ಮೊದಲ ಯುದ್ಧದಿಂದ, ಅಂದರೆ ಕ್ರಿ.ಪೂ. 264ರಿಂದ ಆರಂಭಿಸಿ, ಅದಕ್ಕೆ ಹಿಂದಿನದನ್ನೆಲ್ಲ ಸಾಹಿತ್ಯವೆಂದು ಓದುವುದೇ ಪ್ರಾಮಾಣಿಕ ಮಾರ್ಗವಲ್ಲವೇ? ರೋಮ್‌ನ ಮೊದಲ ಐದು ಶತಮಾನಗಳ ಇತಿಹಾಸ ಅನಿಶ್ಚಿತವೆಂದು ಲೂಯಿ ದ ಬೋಫೋರ್ 1738ರಷ್ಟು ಹಿಂದೆಯೇ ವಾದಿಸಿದ್ದ.

ಶಾಸನಾಸಕ್ತೆ:

‘ಸಮುದ್ರದಾಚೆ’ ಅವರೇ, ಎರವಲಿನ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ 264ರ ಗೆರೆಯನ್ನು ಒಪ್ಪಲಾರೆ. ಚರಿತ್ರಕಾರರ ನೆರವಿಲ್ಲದೆ ನೆಲದೊಳಗಿಂದ ಬಂದ ಸಾಕ್ಷ್ಯಗಳನ್ನು ನೀವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

1899ರಲ್ಲಿ ಜಾಕೊಮೊ ಬೋನಿ ರೋಮನ್ ಫೋರಮ್‌ನಲ್ಲಿ ಕಪ್ಪುಕಲ್ಲಿನ ಹಾಸಿನ ಕೆಳಗೆ ಪತ್ತೆ ಮಾಡಿದ, ಕ್ರಿ.ಪೂ. ಆರನೆಯ ಶತಮಾನದ್ದೆಂದು ಸಾಮಾನ್ಯವಾಗಿ ಭಾವಿಸಲಾಗುವ ಶಾಸನದಲ್ಲಿ ರಾಜನನ್ನು ಸೂಚಿಸುವ ಪದವಿದೆ. ರೋಮ್‌ನಲ್ಲಿ ರಾಜರಿದ್ದರು ಎಂಬ ಸಂಪ್ರದಾಯದ ಮಾತು ಕಟ್ಟುಕಥೆಯಲ್ಲ ಎಂದು ಹೇಳಲು ಇದು ದೊಡ್ಡ ಆಸರೆ. 1977ರಲ್ಲಿ ಸ್ಯಾಟ್ರಿಕಮ್ ಎಂಬಲ್ಲಿ ದೇವಾಲಯದ ತಳಪಾಯಕ್ಕೆ ಮತ್ತೆ ಬಳಸಿದ್ದ ಕಲ್ಲೊಂದರ ಮೇಲೆ, ಪುಬ್ಲಿಯಸ್ ವಲೇರಿಯಸ್ ಎಂಬಾತನ ಸಂಗಡಿಗರು ಮಾರ್ಸ್‌ಗೆ ಅರ್ಪಿಸಿದ್ದು ಎಂಬ ಬರಹ ಸಿಕ್ಕಿತು. ಅದರ ಕಾಲ ಕ್ರಿ.ಪೂ. 500ರ ಹತ್ತಿರ. ಗಣರಾಜ್ಯದ ಮೊದಲ ವರ್ಷದ ಕಾನ್ಸಲ್ ಎಂದು ಲಿವಿ ಹೇಳುವ ಪುಬ್ಲಿಯಸ್ ವಲೇರಿಯಸ್ ಇವನೇ ಎಂದು ಖಚಿತವಾಗಿ ಹೇಳಲಾಗದು. ಆದರೆ ಆ ಹೆಸರಿನ ಪ್ರಬಲ ನಾಯಕನೊಬ್ಬ ಆ ಪ್ರದೇಶದಲ್ಲಿ, ಆ ಕಾಲದಲ್ಲಿಯೇ ಇದ್ದ, ಅವನ ಸುತ್ತ ಸಶಸ್ತ್ರ ಅನುಯಾಯಿಗಳ ಪಡೆಯೊಂದು ಇದ್ದಿರಬಹುದು ಎಂಬುದು ಇದರಿಂದ ಹೊಳೆಯುತ್ತದೆ. ರೋಮ್ ಮತ್ತು ಕಾರ್ಥೇಜ್ ನಡುವಿನ ಮೊದಲ ಒಪ್ಪಂದವನ್ನು ಪಾಲಿಬಿಯಸ್ ಗಣರಾಜ್ಯದ ಮೊದಲ ವರ್ಷಕ್ಕೆ ಸೇರಿಸುತ್ತಾನೆ, ಅದರ ಹಳೆಯ ಲ್ಯಾಟಿನ್ ಎಷ್ಟು ಭಿನ್ನವಾಗಿತ್ತೆಂದರೆ ತನ್ನ ಕಾಲದ ಅತ್ಯಂತ ಬಲ್ಲವರಿಗೂ ಕೆಲವು ಭಾಗಗಳು ಕಷ್ಟಪಟ್ಟರಷ್ಟೇ ತಿಳಿಯುತ್ತಿದ್ದವು ಎನ್ನುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದುದು ಸರ್ವಿಯಸ್ ಟುಲಿಯಸ್‌ನ ವಿಚಾರ. ರೋಮನ್ ಲೇಖಕರ ಪ್ರಕಾರ ಈ ಆರನೆಯ ರಾಜ ಸೆರೆಸಿಕ್ಕ ಹೆಂಗಸಿನ ಮಗ, ಅರಮನೆಯಲ್ಲಿ ಬೆಳೆದವನು. ಆದರೆ ಚಕ್ರವರ್ತಿ ಕ್ಲಾಡಿಯಸ್ ಕ್ರಿ.ಶ. 48ರಲ್ಲಿ ಸೆನೆಟ್‌ನಲ್ಲಿ ಮಾಡಿದ ಭಾಷಣದಲ್ಲಿ ಇನ್ನೊಂದು ಪರಂಪರೆಯನ್ನು ಪ್ರಸ್ತಾಪಿಸಿದ. ರೋಮ್‌ನ ಉತ್ತರದ ನೆರೆಯವರಾದ ಎಟ್ರುಸ್ಕನ್ನರ ಪ್ರಕಾರ ಈತನ ನಿಜವಾದ ಹೆಸರು ಮಸ್ತಾರ್ನಾ, ಈತ ಸೀಲಿಯಸ್ ವಿವೆನ್ನಾ ಎಂಬ ಯೋಧನ ಸಂಗಾತಿ, ಸೋತ ಪಡೆಯ ಉಳಿಕೆಯೊಡನೆ ರೋಮ್‌ಗೆ ಬಂದು ರಾಜನಾದವನು. ಆ ಭಾಷಣವನ್ನು ಕೆತ್ತಿದ ಕಂಚಿನ ಫಲಕ 1528ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಸಿಕ್ಕಿತು. ಮುಂದೆ 1857ರಲ್ಲಿ ವುಲ್ಚಿ ಎಂಬಲ್ಲಿ ಕ್ರಿ.ಪೂ. ನಾಲ್ಕನೆಯ ಶತಮಾನದ ಎಟ್ರುಸ್ಕನ್ ಸಮಾಧಿಯೊಂದು ತೆರೆದುಕೊಂಡಾಗ, ಅದರ ಗೋಡೆಯ ಚಿತ್ರದಲ್ಲಿ ಮಸ್ತಾರ್ನಾ ಎಂಬ ಹೆಸರಿನವನು ವಿವೆನ್ನಾನ ಕೈಗಳ ಕಟ್ಟನ್ನು ಕತ್ತರಿಸಿ ಬಿಡಿಸುತ್ತಿದ್ದ. ಪಕ್ಕದಲ್ಲಿ ರೋಮ್‌ನ ನೀಯಸ್ ಟಾರ್ಕ್ವಿನ್ ಎಂದು ಹೆಸರು ಬರೆದ ವ್ಯಕ್ತಿಯೊಬ್ಬನ ಮೇಲೆ ಕತ್ತಿಯೆತ್ತಿದ ದೃಶ್ಯವಿತ್ತು. ಪ್ರತಿಯೊಬ್ಬ ವ್ಯಕ್ತಿಯ ಹೆಸರನ್ನೂ ಚಿತ್ರಕಾರ ಎಟ್ರುಸ್ಕನ್ ಲಿಪಿಯಲ್ಲಿ ಬರೆದಿದ್ದರಿಂದಲೇ ಇದೆಲ್ಲ ನಮಗೆ ತಿಳಿಯಿತು. ಫೇಬಿಯಸ್ ಪಿಕ್ಟರ್ ಲೇಖನಿ ಹಿಡಿಯುವುದಕ್ಕೆ ಒಂದು ಶತಮಾನಕ್ಕೂ ಹಿಂದಿನ ಗೋಡೆಯ ಮೇಲೆ, ರೋಮನ್ ಗ್ರಂಥಗಳಲ್ಲಿಲ್ಲದ ಟಾರ್ಕ್ವಿನ್ ಒಬ್ಬ ಕಾಣಿಸಿಕೊಂಡಿದ್ದಾನೆ, ಏಕೆಂದರೆ ಗ್ರಂಥಗಳ ಪ್ರಕಾರ ಇಬ್ಬರು ಟಾರ್ಕ್ವಿನ್ ರಾಜರ ಹೆಸರೂ ಲೂಸಿಯಸ್. ಗೋಡೆಯ ಚಿತ್ರವೂ ಐತಿಹ್ಯವಿರಬಹುದು, ಆದರೆ ಅದು ಇನ್ನೊಂದು ಜನರು ಕಾಪಾಡಿಕೊಂಡು ಬಂದ ಐತಿಹ್ಯ. ಹಾಗಾಗಿ ರೋಮನ್ನರ ಸಂಪ್ರದಾಯವನ್ನು ಹೊರಗಿನಿಂದ ಪರೀಕ್ಷಿಸಲು ನಮಗೆ ಅದು ದಾರಿಯಾಗುತ್ತದೆ.

ತುಂಗಾತೀರ:

ತುಂಬಾ ಉಪಕಾರವಾಯಿತು. ಒಂದು ನಿರ್ದಿಷ್ಟ ಪ್ರಸಂಗದ ಬಗ್ಗೆ ಕೇಳುತ್ತೇನೆ. ಸೇತುವೆಯ ಮೇಲೆ ಏಕಾಂಗಿಯಾಗಿ ನಿಂತು ಎಟ್ರುಸ್ಕನ್ ರಾಜ ಪೋರ್ಸೆನಾನ ಸೇನೆಯನ್ನು ತಡೆದ ಹೊರೇಷಿಯಸ್‌ನ ಕಥೆ ನನಗೆ ಬಹಳ ಹಿಡಿಸಿತು. ಅದರಲ್ಲಿ ದೇವತೆಗಳ ಹಸ್ತಕ್ಷೇಪವಿಲ್ಲ. ಅದನ್ನು ಹೇಗೆ ಓದಬೇಕು?

ಹಳೆಯ ಪುಟಗಳು:

ನೀವು ಆರಿಸಿದ ಪ್ರಸಂಗ ಈ ಚರ್ಚೆಗೆ ಹೇಳಿ ಮಾಡಿಸಿದಂತಿದೆ. ಲಿವಿಯಲ್ಲಿ ಹೊರೇಷಿಯಸ್ ಮೊದಲು ಲಾರ್ಷಿಯಸ್ ಮತ್ತು ಹರ್ಮಿನಿಯಸ್ ಎಂಬ ಇಬ್ಬರೊಡನೆ, ಆಮೇಲೆ ಒಬ್ಬನೇ ನಿಂತು ಶತ್ರುವನ್ನು ತಡೆಯುತ್ತಾನೆ. ಬೆನ್ನ ಹಿಂದೆ ಮರದ ಸೇತುವೆ ಮುರಿದು ಬಿದ್ದಾಗ ಟೈಬರ್ ನದಿಯನ್ನು ತಂದೆಯೆಂದು ಕರೆದು ಪ್ರಾರ್ಥಿಸಿ, ಕವಚ ತೊಟ್ಟೇ ಹಾರಿ, ಮೇಲಿನಿಂದ ಸುರಿಯುತ್ತಿದ್ದ ಆಯುಧಗಳ ನಡುವೆ ಈಜಿ ದಡ ಸೇರುತ್ತಾನೆ. ಅವನಿಗೆ ಪ್ರತಿಮೆಯೊಂದನ್ನು ನಿಲ್ಲಿಸಿ, ಒಂದು ದಿನದಲ್ಲಿ ನೇಗಿಲಿನಿಂದ ಎಷ್ಟು ನೆಲವನ್ನು ಸುತ್ತುಗಟ್ಟಬಲ್ಲನೋ ಅಷ್ಟನ್ನು ಕೊಟ್ಟರು. ಮುಂದಿನವರು ಇದನ್ನು ನಂಬುವುದಕ್ಕಿಂತ ಹೆಚ್ಚಾಗಿ ಹೊಗಳುವರು ಎಂಬರ್ಥದ ಮಾತನ್ನು ಲಿವಿಯೇ ಸೇರಿಸಿದ್ದಾನೆ.

ಲಿವಿಗಿಂತ ಒಂದು ಶತಮಾನಕ್ಕೂ ಮೊದಲು ಬರೆದ ಪಾಲಿಬಿಯಸ್‌ನಲ್ಲಿ ಇದೇ ಹೊರೇಷಿಯಸ್ ಗಾಯಗಳಿಂದ ಜರ್ಜರಿತನಾಗಿ ಬೇಕೆಂದೇ ನದಿಗೆ ಹಾರಿ ಪ್ರಾಣ ಬಿಡುತ್ತಾನೆ. ಪಾಲಿಬಿಯಸ್ ಈ ಕಥೆಯನ್ನು ಯಾವ ಸ್ಥಳದಲ್ಲಿ ಹೇಳುತ್ತಾನೆ ಎಂಬುದನ್ನೂ ಗಮನಿಸಿ: ‘ಶಾಸನಾಸಕ್ತೆ’ ಅವರು ಉಲ್ಲೇಖಿಸಿದ ಮುಖವಾಡಗಳ ಶವಯಾತ್ರೆಯನ್ನು ವರ್ಣಿಸಿದ ಬೆನ್ನಿಗೇ, ಇಂಥ ಆಚರಣೆಗಳು ಯುವಕರನ್ನು ನಾಡಿಗಾಗಿ ಎಲ್ಲವನ್ನೂ ಸಹಿಸಲು ಹೇಗೆ ಹುರಿದುಂಬಿಸುತ್ತವೆ ಎಂಬುದಕ್ಕೆ ಉದಾಹರಣೆಯಾಗಿ ಹೇಳುತ್ತಾನೆ. ಅಲ್ಲಿ ವೀರ ಸಾಯಲೇಬೇಕು, ಲಿವಿಯಲ್ಲಿ ಅವನಿಗೆ ಪ್ರತಿಫಲ ಸಿಗಲೇಬೇಕು. ಒಂದೇ ಕಥೆ ಎರಡು ಪ್ರಯೋಜನಗಳಿಗೆ ಎರಡು ಅಂತ್ಯಗಳನ್ನು ಪಡೆದಿದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಲಿವಿಯ ಪ್ರಕಾರ ಪೋರ್ಸೆನಾ ನಗರವನ್ನು ಗೆಲ್ಲಲಿಲ್ಲ. ರೋಮನ್ನರ ಸಾಹಸಗಳನ್ನು ಕಂಡು ಗೌರವದಿಂದ ಹಿಂದಿರುಗಿದ. ಆದರೆ ಮುಂದಿನ ಕಾಲದ ರೋಮನ್ ಚರಿತ್ರಕಾರ ಟ್ಯಾಸಿಟಸ್ ಕ್ಯಾಪಿಟಲ್ ದೇವಾಲಯ ಸುಟ್ಟುಹೋದ ಪ್ರಸಂಗವನ್ನು ವರ್ಣಿಸುವಾಗ, ನಗರ ಶರಣಾದಾಗ ಪೋರ್ಸೆನಾ ಕೂಡ ಇದನ್ನು ಅಪವಿತ್ರಗೊಳಿಸಿರಲಿಲ್ಲ ಎಂದು ಹಾದುಹೋಗುವ ಮಾತಿನಲ್ಲಿ ಹೇಳಿಬಿಡುತ್ತಾನೆ. ಬೇಸಾಯಕ್ಕೆ ಹೊರತು ಬೇರಾವುದಕ್ಕೂ ಕಬ್ಬಿಣ ಬಳಸಕೂಡದೆಂದು ಪೋರ್ಸೆನಾ ರೋಮನ್ನರಿಗೆ ಷರತ್ತು ವಿಧಿಸಿದ್ದನೆಂದು ಹಿರಿಯ ಪ್ಲೀನಿ ದಾಖಲಿಸಿದ್ದಾನೆ. ಇಂಥ ಷರತ್ತನ್ನು ಸೋತವರ ಮೇಲೆ ಹೇರುತ್ತಾರೆಯೇ ಹೊರತು ಗೌರವದಿಂದ ಬಿಟ್ಟುಹೋದವರ ಮೇಲೆ ಹೇರುವುದಿಲ್ಲ. ಸಾರ್ವಜನಿಕ ಹರಾಜು ನಡೆಸುವಾಗ ‘ರಾಜ ಪೋರ್ಸೆನಾನ ಸೊತ್ತು ಮಾರಾಟ’ ಎಂದು ಸಾರುವ ಪದ್ಧತಿ ತನ್ನ ಕಾಲದವರೆಗೂ ಉಳಿದಿದೆ, ಅದು ಶಾಂತಿಯುತ ನಿರ್ಗಮನಕ್ಕೆ ಹೊಂದುವುದಿಲ್ಲ ಎಂದು ಲಿವಿಯೇ ಒಪ್ಪಿಕೊಂಡು, ಬಿಟ್ಟುಹೋದ ಪಾಳಯದ ದವಸವನ್ನು ಮಾರಿದ್ದಿರಬೇಕು ಎಂಬ ವಿವರಣೆಯನ್ನು ಕೊಡುತ್ತಾನೆ. ಕಥೆಯೊಳಗೆ ಅಡಗದ ಈ ಹರಾಜಿನ ಕೂಗು ನನಗೆ ಹೊರೇಷಿಯಸ್‌ನ ಇಡೀ ಸಾಹಸಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಅದನ್ನು ಯಾರೂ ಹೆಮ್ಮೆಗಾಗಿ ಕಟ್ಟಿದ್ದಲ್ಲ. ಅದರ ಅರ್ಥ ಮರೆತುಹೋದ ಮೇಲೂ ಅದು ರೂಢಿಯ ಬಲದಿಂದ ಉಳಿದಿತ್ತು. ಸೋಲನ್ನು ಮುಚ್ಚಲು ವೀರಕಥೆಗಳು ಬೆಳೆದವು ಎಂದು ಅನೇಕ ವಿದ್ವಾಂಸರು ಊಹಿಸಿರುವುದು ಇಂಥ ಸುಳಿವುಗಳಿಂದಲೇ.

ಮಲೆನಾಡಿನ ಓದುಗ:

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಫ್ರೆಂಚ್ ವಿದ್ವಾಂಸ ಜಾರ್ಜ್ ದ್ಯುಮೆಜಿಲ್ ಅವರ ವಾದವನ್ನು ಯಾರೂ ಎತ್ತಿಲ್ಲ. ಇಂಡೋ-ಯುರೋಪಿಯನ್ ಜನರಿಗೆ ಸಮಾನವಾಗಿದ್ದ ಪುರಾಣಗಳು ಭಾರತದಲ್ಲಿ ದೇವತೆಗಳ ಕಥೆಗಳಾಗಿ ಉಳಿದವು, ರೋಮ್‌ನಲ್ಲಿ ಅವೇ ರಾಜರ ಮತ್ತು ವೀರರ ಚರಿತ್ರೆಯಾಗಿ ಮಾರ್ಪಟ್ಟವು ಎಂಬುದು ಅವರ ಅಭಿಪ್ರಾಯ. ಋಗ್ವೇದದಲ್ಲಿ ಜೋಡಿಯಾಗಿ ಬರುವ ಮಿತ್ರ ಮತ್ತು ವರುಣರಂತೆ, ಒಬ್ಬ ಉಗ್ರನೂ ಇನ್ನೊಬ್ಬ ಶಾಂತ ಧರ್ಮಸಂಸ್ಥಾಪಕನೂ ಆದ ರೊಮುಲಸ್ ಮತ್ತು ನೂಮಾ ಇದ್ದಾರೆ. ಒಕ್ಕಣ್ಣನೆಂದು ಹೆಸರಾದ ಹೊರೇಷಿಯಸ್ ಮತ್ತು ತನ್ನ ಬಲಗೈಯನ್ನು ಬೆಂಕಿಯಲ್ಲಿಟ್ಟ ಮ್ಯೂಸಿಯಸ್ ಇಬ್ಬರನ್ನೂ ಉತ್ತರ ಯುರೋಪಿನ ಒಕ್ಕಣ್ಣ ಓಡಿನ್ ಮತ್ತು ಒಂಟಿಗೈಯ ಟೈರ್ ದೇವರುಗಳಿಗೆ ಅವರು ಹೋಲಿಸುತ್ತಾರೆ. ವೇದದ ಪರಿಚಯವಿರುವ ನಮಗೆ ಈ ವಾದ ಸಹಜವಾಗಿಯೇ ಆಕರ್ಷಕ. ಇದು ಎಷ್ಟು ಗಟ್ಟಿ?

ಹಳೆಯ ಪುಟಗಳು:

ವಾದ ಮೋಹಕವಾದದ್ದು, ಆದರೆ ಅದನ್ನು ಮಿತಿಯಲ್ಲಿ ಬಳಸಬೇಕೆಂಬುದು ನನ್ನ ನಿಲುವು. ಕಥೆಯ ಆಕಾರ ಬಹಳ ಹಳೆಯದಿರಬಹುದೆಂಬುದನ್ನು ಹೋಲಿಕೆ ಸೂಚಿಸುತ್ತದೆ. ಆ ಆಕಾರ ರೋಮ್‌ನಲ್ಲಿ ಯಾವಾಗ, ಯಾರಿಂದ, ಯಾವ ರಾಜಕೀಯ ಅಗತ್ಯಕ್ಕಾಗಿ ಚರಿತ್ರೆಯ ವೇಷ ತೊಟ್ಟಿತು ಎಂಬುದನ್ನು ಹೋಲಿಕೆ ಹೇಳಲಾರದು. ಆರ್ನಾಲ್ಡೊ ಮೊಮಿಲಿಯಾನೊ ಅವರಂಥ ಚರಿತ್ರಕಾರರು ಈ ಪದ್ಧತಿಯನ್ನು ಬಲವಾಗಿಯೇ ಆಕ್ಷೇಪಿಸಿದ್ದಾರೆ. ಈ ಕಥೆಗಳನ್ನು ಬರೆದ ರೋಮನ್ನರಿಗೆ ಇವು ತಮ್ಮದೇ ಊರಿನ ಗುಡ್ಡ, ಸೇತುವೆ, ಕೆರೆಗಳ ಮೇಲೆ ನಡೆದ ಸಂಗತಿಗಳಾಗಿದ್ದವು ಎಂಬುದನ್ನೂ ಮರೆಯಬಾರದು.

ಇಲ್ಲಿ ಕಾಲಗಣನೆಯ ಒಂದು ಮಾತನ್ನು ಸೇರಿಸುತ್ತೇನೆ. ರೋಮ್ ಸ್ಥಾಪನೆಗೆ ಒಂದೇ ವರ್ಷ ಇರಲಿಲ್ಲ. ಗ್ರೀಕ್ ಚರಿತ್ರಕಾರ ಟಿಮೀಯಸ್ ಅದನ್ನು ಕಾರ್ಥೇಜ್ ಸ್ಥಾಪನೆಯ ವರ್ಷವೇ ಎಂದ, ಅಂದರೆ ಕ್ರಿ.ಪೂ. 814ರ ಸುಮಾರು. ಫೇಬಿಯಸ್ ಪಿಕ್ಟರ್ ಎಂಟನೆಯ ಒಲಿಂಪಿಯಾಡ್‌ನ (ಗ್ರೀಕರ ನಾಲ್ಕು ವರ್ಷಗಳ ಕಾಲಮಾನ) ಮೊದಲ ವರ್ಷವೆಂದ, ಅದು 748ರ ಹತ್ತಿರ ಬರುತ್ತದೆ. ಇನ್ನೊಬ್ಬ ರೋಮನ್ ಚರಿತ್ರಕಾರ ಸಿಂಕಿಯಸ್ ಅಲಿಮೆಂಟಸ್‌ನ ಲೆಕ್ಕ 729ರ ಸುಮಾರಿಗೆ ಹೋಗುತ್ತದೆ. ನಮಗೆ ಪರಿಚಿತವಾದ 753 ರೋಮನ್ ವಿದ್ವಾಂಸ ವಾರೊನ ಹೆಸರಿನಲ್ಲಿ ನಿಂತಿದೆ. ಟ್ರಾಯ್ ಪತನವಾದದ್ದು 1184ರಲ್ಲಿ ಎಂದು ಗ್ರೀಕರು ಲೆಕ್ಕ ಹಾಕಿದ ಮೇಲೆ, ನೀವಿಯಸ್ ಮತ್ತು ಎನ್ನಿಯಸ್ ಕವಿಗಳು ಹೇಳಿದಂತೆ ರೊಮುಲಸ್ ಈನಿಯಸ್‌ನ ಮಗಳ ಮಗನಾಗಿರಲು ಸಾಧ್ಯವೇ ಇರಲಿಲ್ಲ. ನಡುವಣ ನಾನ್ನೂರಕ್ಕೂ ಹೆಚ್ಚು ವರ್ಷಗಳನ್ನು ತುಂಬಲು, ಈನಿಯಸ್‌ನ ವಂಶದವರು ಆಳಿದರೆನ್ನಲಾದ ಆಲ್ಬಾ ನಗರದ ರಾಜರ ಉದ್ದನೆಯ ಪಟ್ಟಿಯೊಂದು ಹುಟ್ಟಿತು. ಅದರಲ್ಲಿ ದೇವರಿಲ್ಲ, ತೋಳವಿಲ್ಲ, ಬರಿಯ ಹೆಸರು ಮತ್ತು ಆಳ್ವಿಕೆ ಇದೆ. ಐದು ಪುಸ್ತಕಗಳಲ್ಲಿಯೇ ಅತ್ಯಂತ ನೀರಸವಾದ, ಅತ್ಯಂತ ದಾಖಲೆಯಂತೆ ಕಾಣುವ ಆ ಭಾಗವೇ ಅತ್ಯಂತ ಕೃತಕವಾದದ್ದು.

ಹಾಗೆಂದು ಪ್ರಾಚೀನರಿಗೆ ವಿಮರ್ಶೆಯ ಶಕ್ತಿಯಿರಲಿಲ್ಲ ಎನ್ನಲಾಗದು. ಗ್ರೀಕ್ ಚರಿತ್ರಕಾರ ಹ್ಯಾಲಿಕಾರ್ನಾಸಸ್‌ನ ಡಯೊನೀಸಿಯಸ್, ಕೊನೆಯ ಟಾರ್ಕ್ವಿನ್ ಮೊದಲ ಟಾರ್ಕ್ವಿನ್‌ನ ಮಗನೆಂಬ ಫೇಬಿಯಸ್‌ನ ಮಾತನ್ನು ಲೆಕ್ಕ ಹಾಕಿಯೇ ಬೀಳಿಸಿದ. ಇಬ್ಬರ ನಡುವೆ ಸರ್ವಿಯಸ್ 44 ವರ್ಷ ಆಳಿದ್ದಾನೆ. ತಂದೆ ಸತ್ತಾಗ ಇವನು ಯುವಕನಾಗಿದ್ದರೆ, ಸರ್ವಿಯಸ್‌ನನ್ನು ಎತ್ತಿ ಸೆನೆಟ್ ಭವನದ ಮೆಟ್ಟಿಲಿನಿಂದ ಕೆಳಗೆಸೆದಾಗ 70 ದಾಟಿರಬೇಕು. ಆಮೇಲೆ 25 ವರ್ಷ ಆಳಿ, ರಾಜ್ಯ ಕಳೆದುಕೊಂಡ ಮೇಲೂ ಯುದ್ಧ ಮಾಡಿದನೆಂದರೆ 90 ಮೀರಿದ ಮೇಲೆ. ಆದ್ದರಿಂದ ಮೊಮ್ಮಗನೆಂದ ರೋಮನ್ ಚರಿತ್ರಕಾರ ಪೈಸೊನೇ ಸರಿ ಎಂದು ತೀರ್ಮಾನಿಸುತ್ತಾನೆ. ತರ್ಕ ಶುದ್ಧವಾಗಿದೆ. ಆದರೆ 44 ಮತ್ತು 25 ಎಂಬ ಸಂಖ್ಯೆಗಳನ್ನು ಅವನು ಪ್ರಶ್ನಿಸುವುದಿಲ್ಲ. ಏಳು ರಾಜರು 244 ವರ್ಷ, ಅಂದರೆ ಸರಾಸರಿ 35 ವರ್ಷದಂತೆ ಆಳಿದರು, ಅವರಲ್ಲಿ ಹಲವರು ಕೊಲೆಯಾಗಿಯೇ ಸತ್ತರು ಎಂಬುದು ಅವನಿಗೆ ಅಸಂಭವವಾಗಿ ತೋರಲಿಲ್ಲ.

ಸಮುದ್ರದಾಚೆ:

ಶಾಸನಗಳ ವಿಷಯದಲ್ಲಿ ‘ಶಾಸನಾಸಕ್ತೆ’ ಅವರು ಕೊಟ್ಟ ಉತ್ತರ ಬಲವಾದದ್ದು. ಆದರೂ ಅವು ಸಮರ್ಥಿಸುವುದು ರಾಜರು ಇದ್ದರು, ವಲೇರಿಯಸ್ ಎಂಬವನಿದ್ದ ಎಂಬಷ್ಟನ್ನೇ. ಲಿವಿಯ ಒಂದು ಪುಟವೂ ಅದರಿಂದ ದೃಢವಾಗುವುದಿಲ್ಲ. ನಂಬುವಂತೆ ಕಾಣುವ ಸುಳ್ಳಿನ ಬಗೆಗೆ ಲಿವಿಗೆ ಸ್ವತಃ ಎಚ್ಚರವಿತ್ತೇ, ಅಥವಾ ಇದು ನಾವು ಇಂದು ಅವನ ಮೇಲೆ ಹೊರಿಸುತ್ತಿರುವ ವಿಚಾರವೇ ಎಂಬುದನ್ನು ‘ಹಳೆಯ ಪುಟಗಳು’ ಅವರು ತಿಳಿಸಬೇಕು.

ಹಳೆಯ ಪುಟಗಳು:

ಎಚ್ಚರವಿತ್ತು ಎನ್ನಲು ನಲವತ್ತನೆಯ ಪುಸ್ತಕದಲ್ಲಿ ಸಾಕ್ಷಿಯಿದೆ. ಕ್ರಿ.ಪೂ. 181ರಲ್ಲಿ ಜಾನಿಕ್ಯುಲಮ್ ಗುಡ್ಡದ ಬುಡದ ಹೊಲವೊಂದನ್ನು ಆಳವಾಗಿ ಅಗೆಯುತ್ತಿದ್ದಾಗ ಎರಡು ಕಲ್ಲಿನ ಪೆಟ್ಟಿಗೆಗಳು ಸಿಕ್ಕವು. ಒಂದೊಂದೂ ಸುಮಾರು ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಮುಚ್ಚಳಗಳಿಗೆ ಸೀಸದ ಬೆಸುಗೆ. ಒಂದರಲ್ಲಿ ರಾಜ ನೂಮಾನ ದೇಹವಿದೆ, ಇನ್ನೊಂದರಲ್ಲಿ ಅವನ ಪುಸ್ತಕಗಳಿವೆ ಎಂದು ಲ್ಯಾಟಿನ್ ಮತ್ತು ಗ್ರೀಕ್ ಅಕ್ಷರಗಳಲ್ಲಿ ಬರೆದಿತ್ತು. ತೆರೆದರೆ ಮೊದಲ ಪೆಟ್ಟಿಗೆ ಪೂರಾ ಖಾಲಿ, ದೇಹ ಕೊಳೆತುಹೋಗಿರಬೇಕೆಂದರು. ಎರಡನೆಯದರಲ್ಲಿ ಏಳು ಲ್ಯಾಟಿನ್ ಪುಸ್ತಕಗಳೂ ಏಳು ಗ್ರೀಕ್ ಪುಸ್ತಕಗಳೂ ಇದ್ದವು. ಅವು ಕೆಡದೆ ಉಳಿದಿದ್ದವು ಮಾತ್ರವಲ್ಲ, ತೀರ ಹೊಸದಾಗಿ ಕಾಣುತ್ತಿದ್ದವು ಎಂದು ಲಿವಿ ಬರೆಯುತ್ತಾನೆ. ಐದು ಶತಮಾನ ಮಣ್ಣಿನಲ್ಲಿದ್ದ ಪುಸ್ತಕಗಳ ಕುರಿತು ಇದಕ್ಕಿಂತ ಹೆಚ್ಚಿಗೆ ಹೇಳಬೇಕಾದ ಅಗತ್ಯ ಅವನಿಗೆ ಕಾಣಲಿಲ್ಲ. ಅವು ಧರ್ಮಾಚರಣೆಗೆ ಹಾನಿಕರವೆಂದು ಪ್ರೀಟರ್ (ನ್ಯಾಯಾಧಿಕಾರಿ) ಪದವಿಯಲ್ಲಿದ್ದ ಪೆಟಿಲಿಯಸ್ ನಿರ್ಧರಿಸಿದ, ಸೆನೆಟ್ ಒಪ್ಪಿತು, ಜನರ ಎದುರಿನಲ್ಲಿ ಅವನ್ನು ಸುಡಲಾಯಿತು.

ಆ ಗ್ರೀಕ್ ಪುಸ್ತಕಗಳಲ್ಲಿ ಪೈಥಾಗೊರಸ್‌ನ ತತ್ತ್ವವಿತ್ತೆಂದು ವಲೇರಿಯಸ್ ಆಂಟಿಯಸ್ ಎಂಬ ಹಿಂದಿನ ಚರಿತ್ರಕಾರ ಬರೆದಿದ್ದ. ನೂಮಾ ಪೈಥಾಗೊರಸ್‌ನ ಶಿಷ್ಯನಾಗಿರಲು ಸಾಧ್ಯವಿಲ್ಲ, ಪೈಥಾಗೊರಸ್ ದಕ್ಷಿಣ ಇಟಲಿಗೆ ಬಂದದ್ದೇ ನೂರಕ್ಕೂ ಹೆಚ್ಚು ವರ್ಷಗಳ ನಂತರ ಎಂದು ಲಿವಿ ಮೊದಲ ಪುಸ್ತಕದಲ್ಲಿಯೇ ಸಾಧಿಸಿದ್ದ. ಆದ್ದರಿಂದ ಇಲ್ಲಿ ಆಂಟಿಯಸ್‌ನ ಮಾತನ್ನು, ಜನರ ನಡುವೆ ಹರಡಿದ ನಂಬಿಕೆಗೆ ಒಪ್ಪುವಂತೆ ಹೆಣೆದ, ನಿಜವೆನಿಸಬಹುದಾದ ಸುಳ್ಳು ಎಂಬರ್ಥದಲ್ಲಿ ಕರೆಯುತ್ತಾನೆ. ಇದೇ ಆಂಟಿಯಸ್ ಶತ್ರುಗಳ ಸಾವಿನ ಲೆಕ್ಕವನ್ನು ಮಿತಿಮೀರಿ ಹಿಗ್ಗಿಸುವವನೆಂದು ಲಿವಿ ಬೇರೆಡೆ ದೂರುತ್ತಾನೆ. ಕ್ರಿ.ಪೂ. 197ರ ಸೈನೊಸೆಫಲೀ ಯುದ್ಧದಲ್ಲಿ ಸತ್ತವರು 40,000 ಎಂದು ಆಂಟಿಯಸ್ ಹೇಳಿದರೆ, ಲಿವಿ ಅದನ್ನು ತಳ್ಳಿಹಾಕಿ ಪಾಲಿಬಿಯಸ್‌ನ 8,000ವನ್ನು ಸ್ವೀಕರಿಸುತ್ತಾನೆ. ಆದರೂ ಪಾಲಿಬಿಯಸ್ ದೊರೆಯದ ಕಾಲಗಳಿಗೆ ಲಿವಿ ಅದೇ ಆಂಟಿಯಸ್‌ನನ್ನು ಅವಲಂಬಿಸಬೇಕಾಯಿತು. ಮೊದಲ ಹತ್ತು ಪುಸ್ತಕಗಳಲ್ಲಿ ಎಲ್ಲೆಲ್ಲಿ ಅವನ ಮಾತು ಹೆಸರಿಲ್ಲದೆ ಸೇರಿಕೊಂಡಿದೆ ಎಂಬುದನ್ನು ಬೇರ್ಪಡಿಸುವ ಮಾರ್ಗ ನಮಗಿಲ್ಲ. ‘ಸಮುದ್ರದಾಚೆ’ ಅವರ ಸಂದೇಹಕ್ಕೆ ನಿಜವಾದ ಆಧಾರವಿರುವುದು ಇಲ್ಲಿ ಎಂದು ನಾನು ಭಾವಿಸುತ್ತೇನೆ.

ಮಲೆನಾಡಿನ ಓದುಗ:

ಒಂದು ಚಿಕ್ಕ ಪ್ರಶ್ನೆ. ರೋಮ್‌ನ ಕ್ಯಾಪಿಟೊಲೈನ್ ಸಂಗ್ರಹಾಲಯದಲ್ಲಿರುವ, ಪಠ್ಯಪುಸ್ತಕಗಳಲ್ಲಿ ಅಚ್ಚಾಗುವ ಕಂಚಿನ ತೋಳ ಮತ್ತು ಅವಳಿಗಳ ಪ್ರತಿಮೆಯನ್ನು ಈ ಐತಿಹ್ಯದ ಹಳೆತನಕ್ಕೆ ಸಾಕ್ಷಿಯಾಗಿ ಪರಿಗಣಿಸಬಹುದೇ?

ಶಾಸನಾಸಕ್ತೆ:

ಬೇಡ. ಆ ತೋಳವನ್ನು ಬಹುಕಾಲ ಕ್ರಿ.ಪೂ. ಐದನೆಯ ಶತಮಾನದ ಎಟ್ರುಸ್ಕನ್ ಕೃತಿ ಎಂದು ನಂಬಲಾಗಿತ್ತು. ಈಚಿನ ವೈಜ್ಞಾನಿಕ ಪರೀಕ್ಷೆಗಳು ಅದು ಮಧ್ಯಯುಗದ್ದಿರಬೇಕೆಂದು ಸೂಚಿಸಿವೆ, ವಾದ ಇನ್ನೂ ನಿಂತಿಲ್ಲ. ಕೆಳಗಿರುವ ಅವಳಿ ಮಕ್ಕಳನ್ನಂತೂ ಹದಿನೈದನೆಯ ಶತಮಾನದ ಕೊನೆಯಲ್ಲಿ ಸೇರಿಸಿದ್ದು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಐತಿಹ್ಯಕ್ಕೆ ಭದ್ರವಾದ ಸಾಕ್ಷಿ ಬೇಕಿದ್ದರೆ ಲಿವಿಯ ಹತ್ತನೆಯ ಪುಸ್ತಕವನ್ನು ನೋಡಿ. ಓಗುಲ್ನಿಯಸ್ ಸಹೋದರರು ಕ್ರಿ.ಪೂ. 296ರಲ್ಲಿ, ಬಡ್ಡಿ ವ್ಯಾಪಾರಿಗಳಿಂದ ವಸೂಲಾದ ದಂಡದ ಹಣದಿಂದ, ತೋಳದ ಕೆಚ್ಚಲಿನ ಕೆಳಗೆ ಅವಳಿಗಳ ಪ್ರತಿಮೆಗಳನ್ನು ನಿಲ್ಲಿಸಿದರೆಂದು ಅಲ್ಲಿದೆ. ಅದಾಗಿ ಮೂರು ದಶಕಗಳೊಳಗೆ ರೋಮ್ ಹೊರಡಿಸಿದ ಬೆಳ್ಳಿ ನಾಣ್ಯಗಳ ಮೇಲೆ ಇದೇ ದೃಶ್ಯ ಕಾಣಿಸಿಕೊಳ್ಳುತ್ತದೆ. ಆ ನಾಣ್ಯಗಳು ಇಂದಿಗೂ ಉಳಿದಿವೆ, ಮತ್ತು ಅವು ಫೇಬಿಯಸ್ ಪಿಕ್ಟರ್‌ನ ಬರಹಕ್ಕಿಂತ ಹಳೆಯವು.